‘ಹೇಳಲಾರೆ’ಯೋ, ‘ಗೊತ್ತಿಲ್ಲ’ವೋ: ರಷ್ಯಾದ ಸಮೀಕ್ಷೆಗಳ ಒಂದು ಉತ್ತರಕ್ಕೆ ಕನ್ನಡ ಪದ

ಮಾನ್ಯರೇ,

ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳಿಂದ ಈಚೆಗೆ ರಷ್ಯಾದಲ್ಲಿ ನಡೆದಿರುವ ಜನಾಭಿಪ್ರಾಯ ಸಮೀಕ್ಷೆಗಳ ಬಗ್ಗೆ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಆ ಸಮೀಕ್ಷೆಗಳ ಕೋಷ್ಟಕಗಳಲ್ಲಿ ಬಹುಮಟ್ಟಿಗೆ ಎಲ್ಲ ಪ್ರಶ್ನೆಗಳ ಕೆಳಗೂ ಕೊನೆಯ ಸಾಲಾಗಿ ‘ಜತ್ರುದ್ನ್ಯಾಯುಸ್ ಅತ್ವೆತಿತ್’ ಎಂಬ ಉತ್ತರ ಇರುತ್ತದೆ. ಪದಕ್ಕೆ ಪದ ಇಟ್ಟರೆ ‘ಉತ್ತರಿಸಲು ನನಗೆ ಕಷ್ಟವಾಗುತ್ತಿದೆ’ ಎಂದಾಗುತ್ತದೆ. ಇದರ ಬೇರಿನಲ್ಲಿರುವುದು ದುಡಿಮೆ, ಶ್ರಮ ಎಂಬ ಅರ್ಥದ ‘ತ್ರುದ್’. ಕಷ್ಟಕರ ಎಂಬರ್ಥದ ‘ತ್ರುದ್ನಿಯ್’ ಹುಟ್ಟಿದ್ದೂ ಅದರಿಂದಲೇ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು ನನ್ನ ಪ್ರಶ್ನೆ.

ನಮ್ಮ ಪತ್ರಿಕೆಗಳ ರೂಢಿಯಂತೆ ‘ಗೊತ್ತಿಲ್ಲ’ ಎಂದು ಬರೆದುಬಿಡಬಹುದಿತ್ತು. ಆದರೆ ರಷ್ಯನ್ ಸಮೀಕ್ಷೆಗಳಲ್ಲಿ ಅರಿವಿನ ಕೊರತೆಗೆ ಬೇರೆಯದೇ ಉತ್ತರವಿದೆ. ಒಂದು ಘಟನೆಯ ಬಗ್ಗೆ ಕೇಳುವಾಗ ‘ಗಮನವಿಟ್ಟು ನೋಡುತ್ತಿದ್ದೇನೆ’, ‘ಏನೋ ಕೇಳಿದ್ದೇನೆ’, ‘ಈಗಷ್ಟೇ ಮೊದಲ ಸಲ ಕೇಳುತ್ತಿದ್ದೇನೆ’ ಎಂಬಂಥ ಆಯ್ಕೆಗಳನ್ನು ಕೊಟ್ಟು, ಅವುಗಳ ಜೊತೆಗೆ ‘ಜತ್ರುದ್ನ್ಯಾಯುಸ್’ ಅನ್ನು ಪ್ರತ್ಯೇಕವಾಗಿ ಇಡುತ್ತಾರೆ. ಆದ್ದರಿಂದ ‘ಗೊತ್ತಿಲ್ಲ’ ಎಂದರೆ ತಪ್ಪಾಗುತ್ತದೆ. ‘ಅಭಿಪ್ರಾಯವಿಲ್ಲ’ ಎಂಬುದು ಅದಕ್ಕಿಂತ ದೊಡ್ಡ ತಪ್ಪು. ಉತ್ತರಿಸಿದವರು ಹೇಳದೇ ಇದ್ದ ಮಾತನ್ನು ಅದು ಅವರ ಬಾಯಿಗೆ ತುರುಕುತ್ತದೆ. ಅಭಿಪ್ರಾಯ ಇರಬಹುದು, ಅದನ್ನು ಹೊರಗೆ ತರುವುದೇ ಕಷ್ಟವಾಗಿರಬಹುದು.

ಈ ಅಂತರಕ್ಕೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಆ ಸಮಾಜದ ಚರಿತ್ರೆಯೇ ಕಾರಣ. ಜನರ ಅನಿಸಿಕೆ ತಿಳಿಯಲೆಂದೇ ಇಡೀ ಒಕ್ಕೂಟದ ಮಟ್ಟದಲ್ಲಿ ಅಲ್ಲಿ ಒಂದು ಕೇಂದ್ರ ಸ್ಥಾಪನೆಯಾದದ್ದು 1987ರಲ್ಲಿ, ಗೋರ್ಬಚೋವ್ ಅವರ ಸುಧಾರಣೆಗಳ, ಅಂದರೆ ಪೆರೆಸ್ತ್ರೋಯಿಕಾದ ಕಾಲದಲ್ಲಿ, ಸಮಾಜಶಾಸ್ತ್ರಜ್ಞೆ ತಾತ್ಯಾನಾ ಜಸ್ಲಾವ್‌ಸ್ಕಯಾ ಅವರ ಮುಂದಾಳುತನದಲ್ಲಿ. ಅವರ ಬಳಿಕ 1992ರಲ್ಲಿ ಅದರ ಹೊಣೆ ಹೊತ್ತ ಯೂರಿ ಲೆವಾದ, 1969ರಲ್ಲಿ ತಮ್ಮ ಸಮಾಜಶಾಸ್ತ್ರದ ಉಪನ್ಯಾಸಗಳು ಅಚ್ಚಾದ ಕಾರಣಕ್ಕೆ ಕಮ್ಯುನಿಸ್ಟ್ ಪಕ್ಷದ ಕಟು ಟೀಕೆಗೆ ಗುರಿಯಾಗಿ ಪ್ರಾಧ್ಯಾಪಕ ಪದವಿಯನ್ನೇ ಕಳೆದುಕೊಂಡಿದ್ದವರು. ‘ಸೋವಿಯತ್ ಮನುಷ್ಯ’ ಎಂಥವನು ಎಂದು ಅರಿಯಲು ಅವರ ತಂಡ 1989ರಲ್ಲಿ ಆರಂಭಿಸಿದ ಅಧ್ಯಯನವನ್ನು ಹಲವು ವರ್ಷಗಳಿಗೊಮ್ಮೆ ಮತ್ತೆ ಮತ್ತೆ ನಡೆಸಲಾಯಿತು. 2003ರಲ್ಲಿ ಸರ್ಕಾರ ಕೇಂದ್ರದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಾಗ ಲೆವಾದ ಮತ್ತು ಅವರ ಸಹೋದ್ಯೋಗಿಗಳು ಹೊರಬಂದು, ಈಗ ಲೆವಾದ ಕೇಂದ್ರವೆಂದು ಹೆಸರಾಗಿರುವ ಸಂಸ್ಥೆಯನ್ನು ಕಟ್ಟಿದರು. 2016ರಲ್ಲಿ ಅದನ್ನು, ವಿದೇಶಿ ಹಣ ಪಡೆದು ರಾಜಕೀಯ ಚಟುವಟಿಕೆ ನಡೆಸುವವೆಂದು ಸರ್ಕಾರ ಗುರುತಿಸುವ ಸಂಸ್ಥೆಗಳ ‘ವಿದೇಶಿ ಏಜೆಂಟ್’ ಪಟ್ಟಿಗೆ ಸೇರಿಸಲಾಯಿತು. ಇಂಥ ನಾಡಿನಲ್ಲಿ ಸುಮಾರು 1600 ಮಂದಿಯ ಮನೆಗಳಿಗೆ ಹೋಗಿ, ಎದುರು ಕೂತು ಪ್ರಶ್ನೆ ಕೇಳುವ ಅಪರಿಚಿತರಿಗೆ ಒಬ್ಬರು ‘ಉತ್ತರಿಸಲು ಕಷ್ಟವಾಗುತ್ತಿದೆ’ ಎಂದರೆ, ಆ ಮಾತಿನಲ್ಲಿ ಗೊಂದಲವಿದೆಯೋ, ಆಯಾಸವಿದೆಯೋ, ಎಚ್ಚರಿಕೆಯಿದೆಯೋ ಎಂಬುದನ್ನು ಅನುವಾದಕ ತೀರ್ಮಾನಿಸಬಾರದು. ಆ ಎಲ್ಲ ಸಾಧ್ಯತೆಗಳನ್ನೂ ತೆರೆದಿಡುವ ಪದ ನನಗೆ ಬೇಕು. (ಪ್ರಶ್ನಾವಳಿಗೆ ಅವರು ಬಳಸುವ ‘ಅಂಕೇತಾ’ ಎಂಬ ಪದವೇ ಸೋವಿಯತ್ ಕಾಲದಲ್ಲಿ ಕೆಲಸಕ್ಕೆ ಸೇರುವವರು ತಮ್ಮ ಹುಟ್ಟು, ವರ್ಗ, ವಿದೇಶದಲ್ಲಿರುವ ಬಂಧುಗಳ ವಿವರ ತುಂಬಬೇಕಿದ್ದ ನಮೂನೆಗೂ ಹೆಸರಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ‘ಪ್ರಶ್ನಾವಳಿ’ಗೆ ಆ ನೆರಳು ಇಲ್ಲ.)

ಆಡುಮಾತಿನ ‘ಹೇಳೋದು ಕಷ್ಟ’ ಮೊದಲ ನೋಟಕ್ಕೆ ಸರಿಯೆನಿಸುತ್ತದೆ. ಆದರೆ ನಾಳೆ ಮಳೆ ಬರುತ್ತದೆಯೇ ಎಂದು ಕೇಳಿದಾಗ ನಾವು ಕೊಡುವ ಉತ್ತರ ಅದು. ಕಷ್ಟ ಇರುವುದು ವಿಷಯದಲ್ಲಿ, ಹೇಳುವವರಲ್ಲಿ ಅಲ್ಲ. ರಷ್ಯನ್ನಿನಲ್ಲೂ ಅದಕ್ಕೆ ಸರಿಸಮನಾಗಿ, ಕರ್ತೃವಿಲ್ಲದ ‘ತ್ರುದ್ನ ಸ್ಕಜಾತ್’ ಎಂಬ ಬೇರೆ ಮಾತಿದೆ. ‘ಜತ್ರುದ್ನ್ಯಾಯುಸ್’ ಉತ್ತಮ ಪುರುಷದ ಕ್ರಿಯಾಪದ. ಶೇಕಡಾವಾರು ಅಂಕಿಗಳ ನಡುವೆಯೂ ಅದು ಉತ್ತರಿಸಿದವರ ದನಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಆ ದನಿ ಕನ್ನಡಕ್ಕೂ ಬರಬೇಕೆಂಬುದು ನನ್ನ ಆಸೆ.

ಸದ್ಯಕ್ಕೆ ‘ಹೇಳಲಾರೆ’ ಎಂಬುದನ್ನು ಆರಿಸಿಕೊಂಡಿದ್ದೇನೆ. ಇದರಲ್ಲಿರುವ ‘ಆರ್’ ಧಾತುವಿಗೆ ಶಕ್ತನಾಗು ಎಂದರ್ಥ. ಹಳಗನ್ನಡದ ‘ಆರ್ಪು’ ಎಂದರೆ ಸಾಮರ್ಥ್ಯ. ಹಾಗಾಗಿ ‘ಹೇಳಲಾರೆ’ಯ ಮೂಲ ಅರ್ಥ ಹೇಳುವ ಶಕ್ತಿ ನನಗಿಲ್ಲ ಎಂಬುದು. ಆದರೆ ಬಳಕೆಯಲ್ಲಿ ‘ಅವನ ಮುಖ ನೋಡಲಾರೆ’ ಎನ್ನುವಾಗ ಶಕ್ತಿಯ ಜೊತೆಗೆ ಮನಸ್ಸೂ ಇಲ್ಲವೆಂಬ ಭಾವ ಸೇರಿಕೊಳ್ಳುತ್ತದೆ. ಆಗದು ಮತ್ತು ಒಲ್ಲೆ, ಇವೆರಡರ ನಡುವಿನ ಈ ತೆಳುವಾದ ಜಾಗವೇ ರಷ್ಯನ್ ಪದದ ಜಾಗವೂ ಹೌದೆಂದು ನನಗೆ ತೋರುತ್ತದೆ. ಖಡಾಖಂಡಿತವಾಗಿ ಉತ್ತರ ನಿರಾಕರಿಸಿದವರಿಗೆ ಕೆಲವು ಕೋಷ್ಟಕಗಳಲ್ಲಿ ಬೇರೆ ಸಾಲು ಇರುವುದರಿಂದ, ಅದಕ್ಕೆ ‘ಉತ್ತರಿಸಲು ಒಪ್ಪಲಿಲ್ಲ’ ಎಂದು ಬರೆದರೆ ಗೊಂದಲವಾಗದು.

ನನ್ನನ್ನು ತಡೆಯುತ್ತಿರುವ ಅನುಮಾನಗಳು ಎರಡು. ‘ಹೇಳಲಾರೆ’ ಇಂದು ಬರಹದ ಭಾಷೆಯಲ್ಲಿ ಮಾತ್ರ ಉಳಿದಿರುವುದರಿಂದ, ಕಿರಿಯ ಓದುಗರಿಗೆ ಅದು ನೇರ ನಿರಾಕರಣೆಯಂತೆ, ಹಟದಂತೆ ಕೇಳಿಸೀತೇ? ಎರಡನೆಯದಾಗಿ, ಧಾರವಾಡದ ಕಡೆ ‘ಹೇಳಾಕ ಬರಂಗಿಲ್ರೀ’ ಎನ್ನುವಾಗ ನನ್ನ ಕಿವಿಗೆ ವಿನಯ, ಹಿಂಜರಿಕೆ, ಜಾಣ್ಮೆ ಮೂರೂ ಒಟ್ಟಿಗೆ ಕೇಳಿಸುತ್ತವೆ. ‘ಹೇಳಲು ಬಾರದು’ ಎಂದು ಅದನ್ನು ಶಿಷ್ಟ ರೂಪಕ್ಕೆ ತಂದರೆ ಹೇಳಕೂಡದು ಎಂಬ ನಿಷೇಧದ ಅರ್ಥ ಬಂದುಬಿಡುತ್ತದೆ. ಕರಾವಳಿ, ಮಲೆನಾಡು, ಹಳೆ ಮೈಸೂರಿನ ಕಡೆಗಳಲ್ಲಿ, ಮನೆಬಾಗಿಲಿಗೆ ಬಂದು ಪ್ರಶ್ನೆ ಕೇಳುವವರಿಗೆ ನೋವಾಗದಂತೆ ಉತ್ತರ ತಪ್ಪಿಸಲು ಹಿರಿಯರು ಯಾವ ಮಾತನ್ನಾಡುತ್ತಾರೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.