ಇಂಡಿಗೋ ಮರೀನಾ ಡೀಸೆಲ್: ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ, ತಲೆ ಕೆಟ್ಟಿದೆ

ತುಂಗೆದಂಡೆ
ಎಲ್ಲರಿಗೂ ನಮಸ್ಕಾರ. ಹಳೇ ಟಾಟಾ ಇಂಡಿಗೋ ಮರೀನಾ ಡೀಸೆಲ್ ತಗೊಂಡಿದ್ದೇನೆ, ಹಿಂದೆ ಉದ್ದ ಡಿಕ್ಕಿಯಿರುವ ವ್ಯಾಗನ್ ಕಾರು. ದಾವಣಗೆರೆ ಕಡೆಯ ಗಾಡಿ, ಒಬ್ಬರೇ ಓನರ್, ತಳದಲ್ಲಿ ಎಲ್ಲೂ ತುಕ್ಕಿಲ್ಲ. ಓಡಿಸೋಕೆ ಬಹಳ ಚೆನ್ನಾಗಿದೆ. ಆದರೆ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿದು ಹೋಗುತ್ತದೆ. ಒಂದು ಸಲ ಸ್ಟಾರ್ಟ್ ಆದರೆ ಮುಗೀತು, ಇಡೀ ದಿನ ಕೀಲಿ ಮುಟ್ಟಿದರೆ ಸಾಕು. ತೀರ್ಥಹಳ್ಳಿಯ ಒಂದು ಗ್ಯಾರೇಜಿನಲ್ಲಿ ಹೀಟರ್ ಪ್ಲಗ್ ನಾಲ್ಕೂ ಹೊಸದು ಹಾಕಿಸಿದೆ. ಬ್ಯಾಟರಿಯೂ ಹೊಸದು. ದುಡ್ಡು ಹೋಯಿತು, ರೋಗ ಹಾಗೇ ಇದೆ. ಈಗ ಇಂಜಿನ್ನಿಗೆ ಡೀಸೆಲ್ ಕಳಿಸುವ ಪಂಪು ಬಿಚ್ಚಬೇಕು ಅನ್ನುತ್ತಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ. "ಚೆನ್ನಾಗಿದ್ದ ಆಲ್ಟೋ ಕೊಟ್ಟು ಇದನ್ನ ಯಾಕೆ ತಂದ್ರಿ" ಅಂತ ಮನೆಯಲ್ಲಿ ದಿನಾ ಕೇಳಿಸಿಕೊಳ್ಳುತ್ತಿದ್ದೇನೆ.

ಘಾಟಿಗೇರ್
ಯಾವ ಇಂಜಿನ್ ಅಂತ ಹೇಳಲೇ ಇಲ್ಲವಲ್ಲ ಸರ್. 1.4 ಲೀಟರ್ ಎರಡರಲ್ಲೂ ಅದೇ. ಆದರೆ ಹಳೇ ಟರ್ಬೋದಲ್ಲಿ ಮೆಕ್ಯಾನಿಕಲ್ ಪಂಪು, ಆಮೇಲೆ ಬಂದ ಡೈಕೋರ್ ಇಂಜಿನ್ ಆದರೆ ಕಾಮನ್ ರೈಲ್, ಅಂದರೆ ಡೀಸೆಲ್ ಬಿಡುವುದು ಕಂಪ್ಯೂಟರ್ ಹಿಡಿತದಲ್ಲಿ. ರೋಗ ಬೇರೆ, ಮದ್ದೂ ಬೇರೆ.

ತುಂಗೆದಂಡೆ
ಹಳೇದೇ. ಡೈಕೋರ್ ಅಲ್ಲ. 2005ರ ಗಾಡಿ.

ಪ್ಲಗ್ಗಣ್ಣ
ಹೀಟರ್ ಪ್ಲಗ್ಗೇ. ನೂರಕ್ಕೆ ನೂರು. ಈ ಇಂಜಿನ್ನಿನಲ್ಲಿ ಡೀಸೆಲ್ ನೇರ ಸಿಲಿಂಡರಿಗೆ ಬೀಳಲ್ಲ. ಪಕ್ಕದ ಸಣ್ಣ ಚೇಂಬರಿನಲ್ಲಿ ಬಿದ್ದು ಅಲ್ಲಿಂದ ಉರಿಯಬೇಕು. ತಣ್ಣಗಿದ್ದಾಗ ಆ ಚೇಂಬರ್ ಕಾಯದೇ ಹತ್ತುವುದೇ ಇಲ್ಲ. ಪ್ಲಗ್ ಹೊಸದು ಹಾಕಿದರೆ ಆಗಲಿಲ್ಲ, ಪ್ಲಗ್ಗಿಗೆ ಕರೆಂಟ್ ಬರುತ್ತಿದೆಯಾ ನೋಡಿದಿರಾ? ಕರೆಂಟ್ ಬಿಡುವ ಸ್ವಿಚ್ಚು, ರಿಲೇ, ಹೋಗಿರುತ್ತದೆ. ಕೀಲಿ ತಿರುಗಿಸಿದಾಗ ಟಕ್ ಅಂತ ಸದ್ದು ಬರಬೇಕು.

ತುಂಗೆದಂಡೆ
ಟಕ್ ಅನ್ನುತ್ತದೆ. ಡ್ಯಾಶಿನಲ್ಲಿ ಹೀಟರಿನ ಸುರುಳಿ ಲೈಟೂ ಬಂದು ಹೋಗುತ್ತದೆ.

ಪ್ಲಗ್ಗಣ್ಣ
ಲೈಟ್ ನಂಬಬೇಡಿ. ಲೈಟ್ ಆರಿದ ಮೇಲೂ ಸ್ವಲ್ಪ ಹೊತ್ತು ಪ್ಲಗ್ ಕಾಯುತ್ತಿರಬೇಕು. ಟೆಸ್ಟ್ ಲ್ಯಾಂಪ್ ತಗೊಂಡು ಪ್ಲಗ್ಗಿನ ತಲೆಗೆ ಹಿಡಿಯಿರಿ. ಆಮೇಲೆ ಮೀಟರಿನಲ್ಲಿ ಒಂದೊಂದೇ ಪ್ಲಗ್ ಓಮ್ಸ್ ನೋಡಿ, ಹತ್ತಿರ ಹತ್ತಿರ 1 ಓಮ್ ಇರಬೇಕು. ಓಪನ್ ತೋರಿಸಿದರೆ ಪ್ಲಗ್ ಸತ್ತಿದೆ. ಈಗ ಬರುವ ಲೋಕಲ್ ಪ್ಲಗ್ ಅಂಗಡಿಯಿಂದ ಬರುವಾಗಲೇ ಸತ್ತಿರುತ್ತವೆ.

ಹಳೇಎಸ್ಟೇಟ್
ಇದಕ್ಕೇ ನಾನು ಹೇಳೋದು, ವ್ಯಾಗನ್ ಬೇಕು ಅಂದರೆ ಟಾಟಾ ಎಸ್ಟೇಟ್ ತಗೊಳ್ಳಿ. ನನ್ನದು 1948 ಸಿಸಿ, ಹಿಂದಿನ ಚಕ್ರ ಎಳೆಯುವ ಗಾಡಿ. 1992ರಲ್ಲಿ ಬಂದಾಗ ಪವರ್ ವಿಂಡೋ, ಆರ್‌ಪಿಎಂ ಮೀಟರ್ ಎಲ್ಲ ಇತ್ತು. ದೂರದಿಂದ ನೋಡಿದರೆ ಬೆಂಜ್ ವ್ಯಾಗನ್ ಅನ್ನಬೇಕು. ಮಳೆಗಾಲದ ಬೆಳಿಗ್ಗೆ ಮಾಸ್ತಿಕಟ್ಟೆಯಲ್ಲಿ ಒಂದೇ ಸೆಲ್ಫಿಗೆ ಏಳುತ್ತದೆ.

ಘಾಟಿಗೇರ್
ಬಂದರಪ್ಪ. ಎಸ್ಟೇಟಿನ ಸುದ್ದಿ ಇಲ್ಲದ ಚರ್ಚೆ ಒಂದಾದರೂ ಇದೆಯಾ ಇಲ್ಲಿ?

ಹಳೇಎಸ್ಟೇಟ್
ದೇಶದ ಮೊದಲ ವ್ಯಾಗನ್ ಬಗ್ಗೆ ಮಾತಾಡಿದರೆ ತಪ್ಪೇ?

ಅಡಿಕೆಚಪ್ಪರ
ಮೊದಲ ವ್ಯಾಗನ್ ಯಾಕಾಗುತ್ತೆ ಮಾರಾಯ್ರೆ. ಅಂಬಾಸಡರ್ ಎಸ್ಟೇಟ್ ಇರಲಿಲ್ವಾ ಅದಕ್ಕೂ ಮುಂಚೆ?

ತುಂಗೆದಂಡೆಯವರೇ, ನಿಮ್ಮ ಮನೆ ಇಳಿಜಾರಿನಲ್ಲಿದ್ದರೆ ಸುಮ್ನೆ ಎರಡನೇ ಗೇರಿನಲ್ಲಿ ಉರುಳಿಸಿ ಕ್ಲಚ್ ಬಿಡಿ. ಬ್ಯಾಟರಿ ಯಾಕೆ ಸುಡಬೇಕು. ಹಾಗೂ ಆಗದಿದ್ದರೆ ಏರ್ ಫಿಲ್ಟರ್ ಬಾಯಿಗೆ ಸ್ಟಾರ್ಟಿಂಗ್ ಸ್ಪ್ರೇ ಒಂದು ಹೊಡೆತ. ನಮ್ಮ ಟಿಲ್ಲರಿಗೆ ಅದನ್ನೇ ಮಾಡುತ್ತೇವೆ.

ನಾಝಲ್‌ರೂಮ್
ಸ್ಪ್ರೇ ದಯವಿಟ್ಟು ಬೇಡ. ಟಿಲ್ಲರಿನಲ್ಲಿ ಹೀಟರ್ ಪ್ಲಗ್ ಇಲ್ಲ, ಇದರಲ್ಲಿ ಇದೆ. ಕೆಂಪಗೆ ಕಾದ ಪ್ಲಗ್ಗಿಗೆ ಸ್ಪ್ರೇಯಲ್ಲಿರುವ ಈಥರ್ ಸಿಕ್ಕರೆ ಬೇಡದ ಹೊತ್ತಲ್ಲಿ ಹತ್ತಿಕೊಂಡು ಪಿಸ್ಟನ್ ಒಡೆಯುತ್ತದೆ. ಉರುಳಿಸಿ ಸ್ಟಾರ್ಟ್ ಮಾಡುವುದನ್ನೂ ಬಿಡಿ. ಈ ಇಂಜಿನ್ನಿಗೆ ವಾಲ್ವ್, ಪಿಸ್ಟನ್ ಎರಡರ ತಾಳ ಕೂಡಿಸುವ ಟೈಮಿಂಗ್ ಬೆಲ್ಟ್ ಇರುವುದು. ಬೆಲ್ಟ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಹಾಗೆ ಜಗ್ಗಿದರೆ ಬೆಲ್ಟಿನ ಹಲ್ಲು ಹಾರುತ್ತದೆ. ಹಾರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ.

ಒಂದೇ ಪ್ರಶ್ನೆ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಹೊಗೆ ಬರುತ್ತಾ?

ಪ್ಲಗ್ಗಣ್ಣ
ಹೊಗೆ ಆಮೇಲೆ ನೋಡೋಣ. ಮೊದಲು ರಿಲೇಗೆ ಹೋಗುವ ದಪ್ಪ ವೈರಿನ ಫ್ಯೂಸ್ ನೋಡಿ. ದಾವಣಗೆರೆ ಗಾಡಿ ಅಂದಿರಲ್ಲ, ಬಯಲುಸೀಮೆಯ ಬಿಸಿಲಿನಲ್ಲಿ ಹೀಟರ್ ಕೆಲಸ ಮಾಡದಿದ್ದರೂ ಹಳೇ ಓನರಿಗೆ ಗೊತ್ತಾಗಿರಲ್ಲ. ಮಲೆನಾಡಿಗೆ ಬಂದ ಮೇಲೆ ಬಣ್ಣ ಬಯಲಾಗಿದೆ.

ತುಂಗೆದಂಡೆ
ಎಲೆಕ್ಟ್ರಿಷಿಯನ್ ಕರೆಸಿದೆ. ಟೆಸ್ಟ್ ಲ್ಯಾಂಪ್ ನಾಲ್ಕಕ್ಕೂ ಉರಿಯಿತು. ಫ್ಯೂಸ್ ಸರಿ ಇದೆ. ಹೊಗೆ ಬರಲ್ಲ. ಒಂದು ಚೂರೂ ಬರಲ್ಲ. ಕೊನೆಗೆ ಹತ್ತುವಾಗ ಮಾತ್ರ ಒಂದೆರಡು ಸಿಲಿಂಡರ್ ಕೆಮ್ಮಿಕೊಂಡು ಬುಸ್ಸಂತ ಬಿಳಿ ಹೊಗೆ ಬಿಟ್ಟು ನಿಲ್ಲುತ್ತದೆ, ಮತ್ತೆ ಹೊಡೆದರೆ ಸ್ಟಾರ್ಟ್.

ಪ್ಲಗ್ಗಣ್ಣ
ಬಿಳಿ ಹೊಗೆ! ಹೇಳಿದೆನಲ್ಲ. ಬಿಳಿ ಹೊಗೆ ಅಂದರೆ ಉರಿಯದ ಡೀಸೆಲ್. ಪ್ಲಗ್ಗೇ.

ನಾಝಲ್‌ರೂಮ್
ಅಣ್ಣ, ಪೂರ್ತಿ ಓದಿ. ಮೊದಲು ಅಷ್ಟು ಹೊತ್ತು ಹೊಗೆಯೇ ಇಲ್ಲ ಅಂದಿದ್ದಾರೆ. ಪ್ಲಗ್ ಕೆಟ್ಟಿದ್ದರೆ ಸೆಲ್ಫ್ ಹೊಡೆದ ತಕ್ಷಣ ಬಿಳಿ ಹೊಗೆ ತುಂಬಬೇಕಿತ್ತು, ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಅದನ್ನು ಸಿಂಪಡಿಸುವ ನಾಝಲ್‌ವರೆಗೆ ಬಂದೇ ಇಲ್ಲ. ಲೈನ್ ಏರ್ ಎಳೆಯುತ್ತಿದೆ.

ಪ್ಲಗ್ಗಣ್ಣ
ಏರ್ ಎಳೆಯುತ್ತಿದ್ದರೆ ಓಡುವಾಗಲೂ ಜರ್ಕ್ ಹೊಡೆಯಬೇಕಲ್ಲ? ಎಲ್ಲಾದರೂ ಡೀಸೆಲ್ ತೊಟ್ಟಿಕ್ಕಬೇಕಲ್ಲ?

ನಾಝಲ್‌ರೂಮ್
ಬೇಕಿಲ್ಲ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲನ್ನು ಪಂಪೇ ಎಳೆದುಕೊಳ್ಳುವುದು. ಅಲ್ಲಿ ಸಣ್ಣ ಸೀಳಿದ್ದರೆ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಡೀಸೆಲ್ ಹೊರಗೆ ಬರಲ್ಲ. ಓಡುವಾಗ ಆ ಚೂರು ಗಾಳಿಯನ್ನು ಪಂಪು ನುಂಗಿಕೊಂಡು ರಿಟರ್ನಿಗೆ, ಅಂದರೆ ಉಳಿದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ಪೈಪಿಗೆ, ತಳ್ಳುತ್ತದೆ. ರಾತ್ರಿ ನಿಂತಾಗ ಆ ಸೀಳಿನಿಂದ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ವಾಪಸ್ ಟ್ಯಾಂಕಿಗೆ ಜಾರುತ್ತದೆ. ಬೆಳಿಗ್ಗೆ ಖಾಲಿ ಪೈಪು. ಹಗಲು ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಅಷ್ಟು ಇಳಿಯಲ್ಲ.

ಹಳೇಎಸ್ಟೇಟ್
ಇವತ್ತಿನ ಡೀಸೆಲ್ಲೇ ಸರಿ ಇಲ್ಲ ಅನ್ನಿ. ನಾನು ಶಿವಮೊಗ್ಗದಲ್ಲಿ ಒಂದೇ ಬಂಕಿನಲ್ಲಿ ಹಾಕಿಸೋದು. ಮತ್ತೆ ಇನ್ನೊಂದು, 2005ರ ಗಾಡಿ ಅಂದರೆ 15 ವರ್ಷ ಮುಗಿದಿದೆ. ಡೀಸೆಲ್ ಗಾಡಿ 10 ವರ್ಷಕ್ಕೆ ಗುಜರಿ ಅಂತಾರಲ್ಲ, ಪೇಪರ್ ನೋಡಿ ತಗೊಂಡಿರಾ?

ಘಾಟಿಗೇರ್
10 ವರ್ಷದ ಮಾತು ದೆಹಲಿ ಕಡೆಯದು ಸ್ವಾಮಿ. ನಮ್ಮಲ್ಲಿ 15 ವರ್ಷಕ್ಕೆ ಆರ್‌ಟಿಓ ಮುಂದೆ ಗಾಡಿ ನಿಲ್ಲಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, 5 ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸೋದು. ನಿಮ್ಮ ಎಸ್ಟೇಟ್ ಹಾಗಾದರೆ ಯಾವ ಲೆಕ್ಕದಲ್ಲಿ ಓಡುತ್ತಿದೆ?

ಹಳೇಎಸ್ಟೇಟ್
ನನ್ನದರ ಪೇಪರ್ ಪಕ್ಕಾ ಇದೆ. ನಿಮಗೆ ತೋರಿಸಬೇಕಾಗಿಲ್ಲ.

ತುಂಗೆದಂಡೆ
ಪೇಪರ್ ವಿಷಯ ಬಿಡಿ, ಎಲ್ಲ ಸರಿ ಇದೆ. ಪ್ಲಗ್ ಅಂದರು, ಮಾಡಿದೆ. ರಿಲೇ ಅಂದರು, ನೋಡಿದೆ. ಈಗ ಏರ್ ಅಂತೀರಿ. ಹಾಗಾದರೆ ಶಿವಮೊಗ್ಗದಲ್ಲಿ ಮಾವನ ಮನೆಗೆ ಹೋದಾಗ ಬೆಳಿಗ್ಗೆ ಒಂದೇ ಸೆಲ್ಫಿಗೆ ಯಾಕೆ ಸ್ಟಾರ್ಟ್ ಆಗುತ್ತದೆ? ಅಲ್ಲೇನು ಏರ್ ಎಳೆಯಲ್ವಾ? ಹೆಂಡತಿ ಬೇರೆ "ಗಾಡಿಗೂ ನನ್ನ ತವರು ಇಷ್ಟ" ಅಂತ ನಗ್ತಾಳೆ.

ನಾಝಲ್‌ರೂಮ್
ಇದನ್ನ ಮೊದಲೇ ಹೇಳಬಾರದಾ ಮಾರಾಯ್ರೆ! ನಿಮ್ಮ ಮನೆ ಹತ್ತಿರ ಗಾಡಿ ಹೇಗೆ ನಿಲ್ಲಿಸ್ತೀರಿ?

ತುಂಗೆದಂಡೆ
ಹೇಗೆ ಅಂದರೆ? ನಮ್ಮ ಕಡೆ ಎಲ್ಲರ ಮನೆಯೂ ಹಾಗೇ ಅಲ್ವಾ. ರಸ್ತೆಯಿಂದ ಏರು ಹತ್ತಿ ಬಂದು ಅಂಗಳದ ಕೆಳಗೆ ನಿಲ್ಲಿಸೋದು. ಮೂತಿ ಮನೆ ಕಡೆಗೆ, ಮೇಲಕ್ಕೆ.

ನಾಝಲ್‌ರೂಮ್
ಟ್ಯಾಂಕ್ ಹಿಂದೆ, ಕೆಳಗೆ. ಪಂಪು ಮುಂದೆ, ಮೇಲೆ. ರಾತ್ರಿಯಿಡೀ ಇಳಿಯೋಕೆ ಇನ್ನೇನು ಬೇಕು. ಇವತ್ತು ರಾತ್ರಿ ತಿರುಗಿಸಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಚಕ್ರಕ್ಕೆ ಕಲ್ಲು ಕೊಡಿ. ಬೆಳಿಗ್ಗೆ ಸ್ಟಾರ್ಟ್ ಆದರೆ ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿ. ಹಾಗೆ ನಿಲ್ಲಿಸಿದಾಗ ಟ್ಯಾಂಕ್ ಮೇಲಾಗುತ್ತದೆ, ಆದ್ದರಿಂದ ಸೀಳಿರುವ ಜಾಗ ಒದ್ದೆಯಾಗುವ ಸಾಧ್ಯತೆ ಇದೆ. ಫಿಲ್ಟರ್ ಹತ್ತಿರದ ಕ್ಲಾಂಪು, ಕೈಯಲ್ಲಿ ಒತ್ತಿ ಡೀಸೆಲ್ ತುಂಬಿಸುವ ಪ್ರೈಮರ್ ಇರುವ ಜಾಗ, ಮುಖ್ಯವಾಗಿ ನಾಝಲ್ ತಲೆಯಿಂದ ತಲೆಗೆ ಹೋಗುವ ಸಣ್ಣ ಬಟ್ಟೆ ಹೊದಿಕೆಯ ರಿಟರ್ನ್ ಪೈಪು. ಗಾಡಿ ನಿಂತಾಗ ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಪಂಪು ಬಿಚ್ಚೋಕೆ ಮಾತ್ರ ಯಾರಿಗೂ ಕೊಡಬೇಡಿ.

ಪ್ಲಗ್ಗಣ್ಣ
ಪ್ಲಗ್ ಅಲ್ಲ, ಇಳಿಜಾರೇ ಕಾರಣ ಅಂತ ಹೇಗೆ ಹೇಳ್ತೀರಿ? ಶಿವಮೊಗ್ಗದಲ್ಲಿ ತೀರ್ಥಹಳ್ಳಿಗಿಂತ ಸೆಕೆ ಜಾಸ್ತಿ. ಅದಕ್ಕೇ ಅಲ್ಲಿ ಸ್ಟಾರ್ಟ್ ಆಗೋದು.

ಅಡಿಕೆಚಪ್ಪರ
ಅದೂ ಒಂದು ಪಾಯಿಂಟೇ.

ತುಂಗೆದಂಡೆ
ಮೂತಿ ಕೆಳಗೆ ಮಾಡಿ ನಿಲ್ಲಿಸಿದೆ. ರಾತ್ರಿಯೆಲ್ಲ ಜಡಿಮಳೆ, ಚಳಿಯೂ ಇತ್ತು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು!

ಟಾರ್ಚ್ ಹಿಡಿದು ನೋಡಿದೆ. ಮೂರನೇ ಮತ್ತು ನಾಲ್ಕನೇ ನಾಝಲ್ ನಡುವಿನ ಬಟ್ಟೆ ಪೈಪು ಕಪ್ಪಗೆ ಜಿಡ್ಡಾಗಿದೆ. ಸುತ್ತ ಧೂಳು ಅಂಟಿಕೊಂಡು ಕೆಸರಿನ ಹಾಗಾಗಿದೆ. ಬೆರಳಲ್ಲಿ ಒತ್ತಿದರೆ ಒಳಗಿನ ರಬ್ಬರ್ ಪುಡಿಪುಡಿ. ಉಳಿದ ಮೂರೂ ಒಣಗಿವೆ, ಆದರೆ ಗಟ್ಟಿಯಾಗಿ ಕಡ್ಡಿಯಂತಾಗಿವೆ. ಪಂಪಿಗೆ ಅಂತ ಅವರು ಹೇಳಿದ ರೇಟ್ ಇಲ್ಲಿ ಬರೆದರೆ ನೀವೆಲ್ಲ ನಗ್ತೀರಿ.

ನಾಝಲ್‌ರೂಮ್
ಎಲ್ಲಾ ತುಂಡೂ ಬದಲಿಸಿ, ಒಂದೇ ಅಲ್ಲ. ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹಳೇ ನಾಝಲ್ ಪೈಪಿನ ತುಂಡು ತೋರಿಸಿ ಅದೇ ಸೈಜಿನದು ಕೇಳಿ, ಪೆಟ್ರೋಲ್ ಪೈಪು ಕೊಟ್ಟರೆ ತಗೋಬೇಡಿ. ಹಾಕಿದ ಮೇಲೆ ಪ್ರೈಮರ್ ಒತ್ತಿ ಏರ್ ತೆಗೆಯಿರಿ. ಮತ್ತೆ ಮೂತಿ ಮೇಲೆ ಮಾಡಿ ನಿಲ್ಲಿಸಿ ನೋಡಿ. ಆಗಲೂ ತೊಂದರೆ ಇದ್ದರೆ ಪಂಪಿನ ಹಿಂದೆ ಒಂದು ಗೇಣು ಪಾರದರ್ಶಕ ಪೈಪು ಹಾಕಿ ಗುಳ್ಳೆ ನೋಡೋಣ. ಒನ್‌ವೇ ವಾಲ್ವ್ ಹಾಕಿ ಮುಚ್ಚಿಹಾಕುವ ಕೆಲಸ ಬೇಡ. ಕೈ ಹಾಕಿದಾಗಲೇ ಟೈಮಿಂಗ್ ಬೆಲ್ಟೂ ಬದಲಿಸಿಬಿಡಿ.

ತುಂಗೆದಂಡೆ
ಪೈಪು ಪೂರ್ತಿ ಬದಲಾಯಿಸಿದೆ. ಮೂತಿ ಮೇಲೆ ಮಾಡಿಯೇ ನಿಲ್ಲಿಸಿದ್ದು, ಮುಟ್ಟಿದರೆ ಸ್ಟಾರ್ಟ್. ನಾಝಲ್‌ರೂಮ್ ಅವರಿಗೆ ದೊಡ್ಡ ನಮಸ್ಕಾರ. ಬೆಲ್ಟ್ ಮುಂದಿನ ವಾರ.

ನಿನ್ನೆ ಹಿಂದಿನ ಸೀಟು ಮಡಚಿ ಹಾಳೆ ತಟ್ಟೆಯ ಕಟ್ಟುಗಳನ್ನು ತುಂಬಿಕೊಂಡು ಆಗುಂಬೆ ಘಾಟಿ ಇಳಿದು ಬಂದೆ. 14 ತಿರುವಿನಲ್ಲಿ ಒಂದರಲ್ಲೂ ಹಿಂಭಾಗ ಓಲಾಡಲಿಲ್ಲ. ವಾಪಸ್ ಹತ್ತುವಾಗ ಎರಡನೇ ಗೇರಿನಲ್ಲಿ ಟರ್ಬೋ ಬರುವವರೆಗೆ ಸ್ವಲ್ಪ ಸತಾಯಿಸುತ್ತದೆ, ಆಮೇಲೆ ಎಳೆಯುತ್ತದೆ. ಮಳೆಯಲ್ಲಿ ಡಿಕ್ಕಿ ಬಾಗಿಲು ಎತ್ತಿ ಅದರ ಕೆಳಗೇ ಕೂತು ಟೀ ಕುಡಿದೆವು. ಆಲ್ಟೋದಲ್ಲಿ ಇದೆಲ್ಲ ಎಲ್ಲಿ. ಒಂದೇ ತೊಂದರೆ, ಡಿಕ್ಕಿ ಬಾಗಿಲು ತಾನಾಗಿ ನಿಲ್ಲಲ್ಲ, ಕೋಲು ಕೊಡಬೇಕು. ಮರೀನಾದ ಗ್ಯಾಸ್ ರಾಡ್ ಎಲ್ಲಿ ಸಿಗುತ್ತದೆ?

ಘಾಟಿಗೇರ್
ಇಂಜಿನ್ ಸಾಮಾನೆಲ್ಲ ಇಂಡಿಕಾದ್ದೇ ಆಗುತ್ತದೆ, ಚಿಂತೆ ಇಲ್ಲ. ಹಿಂಭಾಗದ ಗಾಜು, ಲೈಟು, ರಾಡು ಮಾತ್ರ ಕಷ್ಟ. ಗುಜರಿಯಲ್ಲಿ ಮರೀನಾ ಕಂಡರೆ ಹಿಂದಿನ ಲೈಟ್ ಜೋಡಿ ಎತ್ತಿಟ್ಟುಕೊಳ್ಳಿ. ರಾಡಿಗೆ ಉದ್ದ ಅಳೆದು, ಹಳೇದರ ಮೇಲೆ ಬರೆದಿರುವ ನ್ಯೂಟನ್ ಅಂಕಿ (ತಳ್ಳುವ ಬಲ) ನೋಡಿ ಬೇರೆ ಗಾಡಿಯದು ಹೊಂದಿಸಬಹುದು. ಮತ್ತೆ ಸ್ಟೆಪ್ನಿ ಗುಂಡಿಯ ಮ್ಯಾಟ್ ಎತ್ತಿ ನೀರು ನಿಂತಿದೆಯಾ ನೋಡ್ತಾ ಇರಿ. ದಾವಣಗೆರೆಯಲ್ಲಿ ಉಳಿದ ತಳ ನಮ್ಮ ಎರಡು ಮಳೆಗಾಲಕ್ಕೆ ಹೋಗಿಬಿಡುತ್ತದೆ.

ಹಳೇಎಸ್ಟೇಟ್
ನನ್ನ ಎಸ್ಟೇಟಿನ ಡಿಕ್ಕಿ ರಾಡ್ ಇನ್ನೂ ಕಂಪನಿಯದೇ.

ಪ್ಲಗ್ಗಣ್ಣ
ಸ್ಟಾರ್ಟ್ ಆಗಿದ್ದು ಒಳ್ಳೆಯದಾಯಿತು. ಹೊಸ ಪ್ಲಗ್ ಹಾಕಿಸಿದ್ದೂ ಸಹಾಯ ಮಾಡಿರುತ್ತದೆ.

ಅಡಿಕೆಚಪ್ಪರ
ನಾಝಲ್‌ರೂಮ್ ಅವರೇ, ನಮ್ಮ ಸುಮೋ ಬಿಸಿಯಾದ ಮೇಲೆ ಸ್ಟಾರ್ಟ್ ಆಗಲ್ಲ, ತಣ್ಣಗಾದರೆ ಆಗುತ್ತೆ. ಇದೂ ಏರೇ ಇರಬಹುದಾ?

ನಾಝಲ್‌ರೂಮ್
ಅಲ್ಲ. ಅದು ಪೂರ್ತಿ ಬೇರೆ ಕಥೆ. ಹೊಸ ಚರ್ಚೆ ಶುರು ಮಾಡಿ. ಯಾವ ಇಂಜಿನ್, ಎಷ್ಟು ಕಿಲೋಮೀಟರ್, ಪಂಪಿಗೆ ಯಾವಾಗ ಕೈ ಹಾಕಿದ್ದು, ಎಲ್ಲ ಮೊದಲೇ ಬರೆಯಿರಿ.