ಮೆಸೇಜ್ ಕ್ಯೂನಲ್ಲಿ ಪಿಐಡಿ ನಂಬಿದ್ದೆ, ಬೇರೆ ಪ್ರೋಸೆಸ್‌ನ ಉತ್ತರ ಕೈಗೆ ಬರುತ್ತಿದೆ

ತುಂಗಾತೀರ (ಪ್ರಶ್ನೆ)

ಎರಡು ವಾರದಿಂದ ಇದರ ಹಿಂದೆ ಬಿದ್ದಿದ್ದೇನೆ, ಗೊತ್ತಿರುವವರು ದಯವಿಟ್ಟು ನೋಡಿ. ಲಿನಕ್ಸ್ ಓಡುವ ಒಂದು ಸಣ್ಣ ಬೋರ್ಡ್ ಇದೆ. ಅದರಲ್ಲಿ ಒಂದು ಸರ್ವರ್ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಸೆನ್ಸರ್‌ಗಳನ್ನು ಓದುತ್ತದೆ. ಶೆಲ್ ಸ್ಕ್ರಿಪ್ಟ್ ಎರಡೆರಡು ಸೆಕೆಂಡಿಗೆ ಒಂದು ಕ್ಲೈಂಟ್ ಎಬ್ಬಿಸುತ್ತದೆ, ಅದು ಒಂದೇ ಒಂದು ಪ್ರಶ್ನೆ ಕೇಳಿ ಉತ್ತರ ತಗೊಂಡು ಮುಗಿಯುತ್ತದೆ.

ಮಾತುಕತೆ ಎಲ್ಲ ಒಂದೇ ಸಿಸ್ಟಮ್ ಫೈವ್ ಮೆಸೇಜ್ ಕ್ಯೂ ಮೇಲೆ, ಅಂದರೆ ಒಂದು ಪ್ರೋಸೆಸ್ ಹಾಕಿದ ಮೆಸೇಜನ್ನು ಇನ್ನೊಂದು ಎತ್ತಿಕೊಳ್ಳುವ ಸಾಲು. ಪ್ರತಿ ಮೆಸೇಜ್‌ಗೂ ‘ಟೈಪ್’ ಅಂತ ಒಂದು ನಂಬರ್ ಇರುತ್ತದೆ, ಪ್ರಶ್ನೆಯ ಟೈಪ್ 1. ಒಳಗೆ ಕ್ಲೈಂಟ್ ತನ್ನ ಪಿಐಡಿ (ಪ್ರೋಸೆಸ್‌ಗೆ ಸಿಸ್ಟಮ್ ಕೊಡುವ ಗುರುತಿನ ನಂಬರ್) ಬರೆಯುತ್ತದೆ, ಸರ್ವರ್ ಆ ಪಿಐಡಿಯನ್ನೇ ಟೈಪ್ ಮಾಡಿ ಉತ್ತರ ಹಾಕುತ್ತದೆ. ಕ್ಲೈಂಟ್ ತನ್ನ ನಂಬರಿನದ್ದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬರದಿದ್ದರೆ ಟೈಮ್‌ಔಟ್ ಆಗಿ ಹೊರಡುತ್ತದೆ.

ನಿನ್ನೆ ತೇವಾಂಶ ಕೇಳಿದ ಕ್ಲೈಂಟಿಗೆ 31.5 ಬಂತು. ಅದು ತಾಪಮಾನ! ಸರ್ವರ್ ಲಾಗ್‌ನಲ್ಲಿ ನೋಡಿದರೆ 68 ಅಂತ ಸರಿಯಾಗಿಯೇ ಕಳಿಸಿದೆ. ಬೋರ್ಡ್ ರೀಬೂಟ್ ಮಾಡಿದರೆ ಅರ್ಧ ದಿನಕ್ಕಿಂತ ಜಾಸ್ತಿ ಹೊತ್ತು ಏನೂ ತೊಂದರೆ ಇಲ್ಲ, ಆಮೇಲೆ ಮತ್ತೆ ಶುರು. ಪಿಐಡಿ ಅಂದರೆ ಒಂದು ಪ್ರೋಸೆಸ್‌ಗೆ ಒಂದೇ ಅಲ್ವಾ?

ಹಳೇಕರ್ನಲ್

ಒಂದು ಸಮಯಕ್ಕೆ ಒಂದೇ, ಅಷ್ಟೇ. ನೀವು ಕೊಟ್ಟ ಲೆಕ್ಕದಲ್ಲೇ ಉತ್ತರ ಇದೆ. ಸಣ್ಣ ಬೋರ್ಡ್‌ಗಳಲ್ಲಿ ಪಿಐಡಿ ಮಿತಿ ಸಾಮಾನ್ಯವಾಗಿ 32768. ಎರಡು ಸೆಕೆಂಡಿಗೆ ಒಂದು ಅಂದರೂ ಸುಮಾರು 18 ಗಂಟೆಯಲ್ಲಿ ನಂಬರ್ ಮುಗಿದು 300ರಿಂದ ಮತ್ತೆ ಶುರುವಾಗುತ್ತದೆ. ಸ್ಕ್ರಿಪ್ಟ್ ಬೇರೆ ಕಮಾಂಡ್‌ಗಳನ್ನೂ ಓಡಿಸುತ್ತಿದ್ದರೆ ಇನ್ನೂ ಬೇಗ.

ಟೈಮ್‌ಔಟ್ ಆದ ಕ್ಲೈಂಟ್ ಹೋಯಿತು, ಆದರೆ ಅದಕ್ಕೆ ತಡವಾಗಿ ಬಂದ ಉತ್ತರ ಕ್ಯೂನಲ್ಲೇ ಕೂತಿದೆ. ಈ ಕ್ಯೂಗಳು ಪ್ರೋಸೆಸ್ ಸತ್ತರೂ ಅಳಿಯುವುದಿಲ್ಲ, ನಾವೇ ತೆಗೆಯಬೇಕು ಇಲ್ಲವೇ ರೀಬೂಟ್ ಆಗಬೇಕು. ಅದೇ ಪಿಐಡಿ ಇನ್ನೊಬ್ಬರಿಗೆ ಸಿಕ್ಕಾಗ ಮೊದಲು ಬಂದದ್ದೇ ಮೊದಲು ಹೊರಗೆ ಬರುತ್ತದೆ, ಹಾಗಾಗಿ 31.5. ಅವರ ನಿಜವಾದ 68 ಹಿಂದೆ ಉಳಿಯಿತು, ಅದು ಮುಂದಿನ ಸುತ್ತಿನವರಿಗೆ! ಒಂದು ಸಲ ತಪ್ಪಿದ ನಂಬರ್ ಪ್ರತಿ ಸುತ್ತಿನಲ್ಲೂ ತಪ್ಪುತ್ತದೆ. ‘ಐಪಿಸಿಎಸ್’ ಕಮಾಂಡ್ ಕೊಟ್ಟು ನೋಡಿ, ಕ್ಯೂನಲ್ಲಿರುವ ಮೆಸೇಜ್ ಸಂಖ್ಯೆ ಏರುತ್ತಾ ಹೋಗಿರುತ್ತದೆ.

ಹೊಸ ಸಿಮ್ ತಗೊಂಡವರಿಗೆ ಆ ನಂಬರಿನ ಹಳೆಯ ಮಾಲೀಕರ ಸಾಲದ ಕರೆಗಳು ಬರುತ್ತವಲ್ಲ, ಇದೂ ಅದೇ ಕಥೆ.

ಮಲೆನಾಡ್_ಕೋಡರ್

ಕಳಿಸುವ ಮುಂಚೆ ಸಿಗ್ನಲ್ 0 ಹಾಕಿ ಆ ಪಿಐಡಿ ಬದುಕಿದೆಯಾ ಅಂತ ನೋಡಿದರೆ ಆಗಲ್ವಾ? ನಾನು ಹಾಗೇ ಮಾಡುತ್ತೇನೆ.

ಹಳೇಕರ್ನಲ್

ದಯವಿಟ್ಟು ಅದನ್ನು ನೆಚ್ಚಿಕೊಳ್ಳಬೇಡಿ. ನೋಡಿದ ಮರುಕ್ಷಣವೇ ಅದು ಸಾಯಬಹುದು. ಅದಕ್ಕಿಂತ ಮುಖ್ಯ, ಆ ನಂಬರಿನಲ್ಲಿ ಯಾರೋ ಬದುಕಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ, ಮೊದಲು ಕೇಳಿದವರೇ ಅಂತ ಗೊತ್ತಾಗುವುದಿಲ್ಲ.

ಮೆಸೇಜ್ ಮೇಲೆಯೇ ನಿಂತಿರುವ ಸಿಸ್ಟಮ್‌ಗಳು ಇದನ್ನು ಹೇಗೆ ಬಿಡಿಸಿವೆ ನೋಡಿ. ಮಿನಿಕ್ಸ್ 3 ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಬರೀ ಪ್ರೋಸೆಸ್ ಟೇಬಲ್‌ನ ಜಾಗದ ನಂಬರಿಗೆ ಮೆಸೇಜ್ ಕಳಿಸುವುದಿಲ್ಲ, ‘ಎಂಡ್‌ಪಾಯಿಂಟ್’ಗೆ ಕಳಿಸುತ್ತಾರೆ. ಅದರಲ್ಲಿ ಜಾಗದ ನಂಬರಿನ ಜೊತೆ ಆ ಜಾಗ ಎಷ್ಟನೇ ಸಲ ಬಳಕೆಯಾಗುತ್ತಿದೆ ಎಂಬ ಎಣಿಕೆಯೂ ಸೇರಿರುತ್ತದೆ. ಹಳೆಯವರು ಸತ್ತು ಬೇರೆಯವರು ಬಂದರೆ ಎಣಿಕೆ ಬದಲಾಗಿ ಕಳಿಸಿದವರಿಗೆ ಎರರ್ ಬರುತ್ತದೆ. ಮ್ಯಾಕ್ (Mach) ಎಂಬ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಇನ್ನೂ ಮುಂದೆ ಹೋಗಿ ಪ್ರೋಸೆಸ್ ಹೆಸರೇ ಹೇಳುವುದಿಲ್ಲ. ಪೋರ್ಟ್‌ಗೆ, ಅಂದರೆ ಮೆಸೇಜ್ ಒಳಗೆ ಹೋಗುವ ಬಾಗಿಲಿಗೆ ಕಳಿಸಬೇಕು, ಅದಕ್ಕೆ ಕಳಿಸುವ ಹಕ್ಕು ನಿಮ್ಮ ಹತ್ತಿರ ಇರಬೇಕು. ನನಗೆ ಇದೇ ಸರಿಯಾದ ದಾರಿ ಅನಿಸುತ್ತದೆ: ಯಾರು ಅಂತ ಕೇಳಬೇಡಿ, ಯಾವ ಬಾಗಿಲು ಅಂತ ಕೇಳಿ.

ಲಿನಕ್ಸ್‌ನಲ್ಲಿ 5.3ರಿಂದ (2019) ‘ಪಿಐಡಿಎಫ್‌ಡಿ ಓಪನ್’ ಇದೆ. ಅದು ಕೊಡುವ ಫೈಲ್ ಡಿಸ್ಕ್ರಿಪ್ಟರ್ (ಕರ್ನಲ್ ಕೊಡುವ ಹಿಡಿಕೆ) ಆ ಒಂದೇ ಪ್ರೋಸೆಸ್‌ಗೆ ಅಂಟಿಕೊಂಡಿರುತ್ತದೆ, ನಂಬರ್ ಮರುಬಳಕೆಯಾದರೂ ಬೇರೆಯವರ ಕಡೆ ತಿರುಗುವುದಿಲ್ಲ. ಆದರೆ ನಿಮ್ಮ ಕೆಲಸಕ್ಕೆ ಅದು ಬೇಡ. ಯುನಿಕ್ಸ್ ಸಾಕೆಟ್ (ಒಂದೇ ಯಂತ್ರದ ಎರಡು ಪ್ರೋಸೆಸ್‌ಗಳ ನಡುವಿನ ನೇರ ಕನೆಕ್ಷನ್) ಸಾಕು. ಒಂದು ಕ್ಲೈಂಟಿಗೆ ಒಂದು ಕನೆಕ್ಷನ್, ಉತ್ತರ ಅದರಲ್ಲೇ ವಾಪಸ್. ಕ್ಲೈಂಟ್ ಸತ್ತರೆ ಕನೆಕ್ಷನ್ ಕೂಡ ಹೋಗುತ್ತದೆ, ಉಳಿದ ಉತ್ತರ ಯಾರ ಕೈಗೂ ಸಿಗುವುದಿಲ್ಲ.

ಬಯಲುಸೀಮೆ

ಒಂದು ಮಾತು ಸೇರಿಸುತ್ತೇನೆ, ನಾನು ಇದರಲ್ಲಿ ಒಂದು ರಾತ್ರಿ ಪೂರ್ತಿ ಕಳೆದಿದ್ದೇನೆ. ಇದೇ ಥರದ ಕ್ಲೈಂಟನ್ನು ಕಂಟೇನರ್ (ಪ್ರೋಸೆಸ್‌ಗಳನ್ನು ಬೇರ್ಪಡಿಸಿಡುವ ಆವರಣ) ಒಳಗೆ ಹಾಕಿ ಕ್ಯೂ ಮಾತ್ರ ಹೊರಗಿನದ್ದನ್ನೇ ಹಂಚಿಕೊಂಡಿದ್ದೆ. ಕಂಟೇನರ್ ಒಳಗೆ ಮೊದಲ ಪ್ರೋಸೆಸ್‌ನ ಪಿಐಡಿ 1. ಅದು ‘ನಾನು 1’ ಅಂತ ಬರೆಯಿತು, ಸರ್ವರ್ ಟೈಪ್ 1ಕ್ಕೆ ಉತ್ತರ ಹಾಕಿತು, ಟೈಪ್ 1 ಅಂದರೆ ಪ್ರಶ್ನೆ ಅಂತ ಸರ್ವರೇ ಅದನ್ನು ವಾಪಸ್ ಓದಿತು. ಕಳಿಸಿದವರು ತಾವೇ ಬರೆದುಕೊಂಡ ನಂಬರನ್ನು ನಂಬಲೇಬೇಡಿ. ಸಾಕೆಟ್ ಆದರೆ ಆ ಕಡೆ ಇರುವವರ ಪಿಐಡಿ, ಯೂಸರ್ ಐಡಿ ಎರಡನ್ನೂ ಕರ್ನಲ್ಲೇ ಹೇಳುತ್ತದೆ, ಓದುವವರ ನೇಮ್‌ಸ್ಪೇಸ್‌ಗೆ (ಅವರಿರುವ ಆವರಣದ ನಂಬರ್ ಲೆಕ್ಕಕ್ಕೆ) ಸರಿಯಾಗಿ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐಪಿಸಿಎಸ್ ನೋಡಿದೆ, ಕ್ಯೂನಲ್ಲಿ 41 ಮೆಸೇಜ್ ಸುಮ್ನೆ ಕೂತಿದ್ದವು. ನಮ್ಮ ಕರ್ನಲ್ 4.19, ಹಾಗಾಗಿ ಸಾಕೆಟ್‌ಗೇ ಬದಲಾಯಿಸಿದೆ. ಮೂರು ದಿನದಿಂದ ಒಂದೂ ತಪ್ಪು ಉತ್ತರ ಇಲ್ಲ. ಆದರೆ ಮೊದಲ ದಿನ ಕ್ಲೈಂಟ್ ಟೈಮ್‌ಔಟ್ ಆದ ಕೂಡಲೇ ಸರ್ವರೇ ಸತ್ತುಹೋಗುತ್ತಿತ್ತು.

ಹಳೇಕರ್ನಲ್

ಮುಚ್ಚಿದ ಸಾಕೆಟ್‌ಗೆ ಬರೆದಾಗ ಬರುವ ಸಿಗ್‌ಪೈಪ್ ಎಂಬ ಸಿಗ್ನಲ್ ಅದು, ಹಿಡಿಯದಿದ್ದರೆ ಪ್ರೋಸೆಸ್ಸನ್ನೇ ಕೊಲ್ಲುತ್ತದೆ. ಕಳಿಸುವಾಗ ‘ನೋ ಸಿಗ್ನಲ್’ ಫ್ಲ್ಯಾಗ್ ಕೊಡಿ, ಬರೀ ಎರರ್ ವಾಪಸ್ ಬರುತ್ತದೆ, ಆ ಕನೆಕ್ಷನ್ ಮುಚ್ಚಿ ಮುಂದಿನದ್ದು ನೋಡಿ.