ವಿಮಾನದ ಎಲೆಕ್ಟ್ರಾನಿಕ್ಸ್ ದುರಸ್ತಿ: ಡಿಪ್ಲೊಮಾ ಓದುತ್ತಿರುವವನಿಗೆ ದಾರಿ ಯಾವುದು?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ವಿಮಾನದ ಏವಿಯಾನಿಕ್ಸ್ (ಅಂದರೆ ಎಲೆಕ್ಟ್ರಾನಿಕ್ ಉಪಕರಣಗಳ) ದುರಸ್ತಿಯನ್ನೇ ಉದ್ಯೋಗವಾಗಿಸಿಕೊಳ್ಳುವ ಹಂಬಲ ಅವನಿಗಿದೆ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೆ ಸರಿಮಾಡುವವನು ಅವನೇ. ಈ ಕೈಚಳಕ ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ, ಲೈಸೆನ್ಸಿಗೆ ಏನು ಓದಬೇಕು, ಊರಿನ ಹತ್ತಿರವೇ ಕೆಲಸ ಸಿಗಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಸಾಗರದವರು, ಈಗ ಬೆಂಗಳೂರು)

ಸರ್, ಅವನ ಕೈಚಳಕ ವ್ಯರ್ಥವಾಗುವುದಿಲ್ಲ, ಆದರೆ ಅದು ಬಳಕೆಯಾಗುವ ರೀತಿ ಬೇರೆ. ನಿಲ್ದಾಣದಲ್ಲಿ ನಿಂತ ವಿಮಾನದ ರೇಡಿಯೊ, ಟ್ರಾನ್ಸ್‌ಪಾಂಡರ್ (ನೆಲದ ರೇಡಾರಿಗೆ ವಿಮಾನದ ಗುರುತು ಹೇಳುವ ಸಾಧನ) ಅಥವಾ ಹವಾಮಾನ ರೇಡಾರ್ ಕೆಟ್ಟರೆ ಅಲ್ಲಿಯೇ ಬಿಚ್ಚಿ ಬೆಸುಗೆ ಹಾಕುವುದಿಲ್ಲ. ಇಡೀ ಯೂನಿಟ್ಟನ್ನು ಬದಲಿಸಿ, ಕೆಟ್ಟದ್ದನ್ನು ಮಾನ್ಯತೆ ಪಡೆದ ವರ್ಕ್‌ಶಾಪಿಗೆ ಕಳುಹಿಸುತ್ತೇವೆ. ನಿಜವಾದ ಕಷ್ಟ ಶುರುವಾಗುವುದು ಹೊಸ ಯೂನಿಟ್ ಹಾಕಿದ ಮೇಲೂ ಅದೇ ದೋಷ ಮರುಕಳಿಸಿದಾಗ. ಆಗ ವೈರಿಂಗ್ ನಕ್ಷೆ ಹಿಡಿದು, ಕನೆಕ್ಟರಿನ ಪಿನ್ನಿಗೆ ಕಿಲುಬು ಹಿಡಿದಿದೆಯೇ, ಆಂಟೆನಾದ ಬುಡಕ್ಕೆ ನೀರಿನ ಪಸೆ ಸೇರಿದೆಯೇ, ಕ್ಲಾಂಪಿನ ಅಡಿಯಲ್ಲಿ ವೈರಿನ ಹೊದಿಕೆ ಸವೆದಿದೆಯೇ ಎಂದು ಒಂದೊಂದನ್ನೇ ನೋಡುತ್ತ ಹೋಗಬೇಕು. ಹಾರಾಟದಲ್ಲಿ ಕಂಡ ದೋಷ ನೆಲದ ಮೇಲೆ ಕಾಣಿಸದಿರುವುದೂ ಉಂಟು. ನಮ್ಮ ಮಳೆಗಾಲದ ತೇವಕ್ಕೆ ಸ್ಟಾರ್ಟರಿನ ಕಾಂಟ್ಯಾಕ್ಟ್ ಹೇಗೆ ಕೆಡುತ್ತದೆಂದು ಬಲ್ಲವನಿಗೆ ಈ ಹುಡುಕಾಟದ ಜಾಡು ಬೇಗ ಹತ್ತುತ್ತದೆ. ಸದ್ಯಕ್ಕೆ ನಡೆಯಲಿ ಎಂದು ತುಂಡು ವೈರು ಕಟ್ಟುವ ಅಭ್ಯಾಸವನ್ನು ಮಾತ್ರ ಸಂಪೂರ್ಣವಾಗಿ ಬಿಡಬೇಕು, ಏಕೆಂದರೆ ಇಲ್ಲಿ ವೈರಿನ ದಪ್ಪ, ಟರ್ಮಿನಲ್, ಟರ್ಮಿನಲನ್ನು ವೈರಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಉಪಕರಣ ಎಲ್ಲವೂ ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು.

ಉತ್ತರ 2

ಏವಿಯಾನಿಕ್ಸ್‌ಗೆ ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ನೀಡುವುದು ಬಿ2 ವರ್ಗದ ಲೈಸೆನ್ಸ್. ಗಣಿತ, ಭೌತಶಾಸ್ತ್ರದಿಂದ ಹಿಡಿದು ವಾಯುಯಾನ ಕಾನೂನಿನವರೆಗೆ ಹಲವು ಮಾಡ್ಯೂಲ್‌ಗಳಿದ್ದು, ಪ್ರತಿಯೊಂದರಲ್ಲೂ ಶೇ. 75 ಅಂಕ ಬೇಕು. ಪರೀಕ್ಷೆಯ ಜೊತೆಗೆ ಬಳಕೆಯಲ್ಲಿರುವ ವಿಮಾನಗಳ ಮೇಲೆ ಪ್ರಾಯೋಗಿಕ ಅನುಭವ ಕಡ್ಡಾಯ. ಶುಲ್ಕ ಕಟ್ಟುವ ಮುನ್ನ ಆ ಸಂಸ್ಥೆಗೆ ಬಿ2 ವರ್ಗಕ್ಕೇ ಅನುಮೋದನೆ ಇದೆಯೇ ಎಂದು ಡಿಜಿಸಿಎ ಪಟ್ಟಿಯಲ್ಲಿ ನೀವೇ ನೋಡಿ; ಎಂಜಿನ್ ಮತ್ತು ವಿಮಾನದ ರಚನೆಗೆ ಸಂಬಂಧಿಸಿದ ಬಿ1 ಅನುಮೋದನೆಯೊಂದೇ ಇದ್ದರೆ ಸಾಲದು.

ಊರಿನ ಹತ್ತಿರದ ಕೆಲಸವನ್ನು ನಂಬಿ ಓದಿಸಬೇಡಿ. ಸೋಗಾನೆಯಲ್ಲಿ 3,200 ಮೀಟರ್ ಉದ್ದದ ರನ್‌ವೇ ಇದ್ದರೂ, ದೊಡ್ಡ ತಪಾಸಣೆಗಳು ನಡೆಯುವುದು ಬೆಂಗಳೂರು, ಹೈದರಾಬಾದ್, ನಾಗಪುರದಂಥ ಊರುಗಳ ಹ್ಯಾಂಗರ್‌ಗಳಲ್ಲಿ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಪ್ರಯಾಣಿಕ ವಿಮಾನಗಳು ಹೆಚ್ಚಾಗಿ ಹಗಲು ಹಾರುವುದರಿಂದ ದುರಸ್ತಿಯ ಬಹುಪಾಲು ರಾತ್ರಿ ಪಾಳಿಯಲ್ಲಿ ನಡೆಯುತ್ತದೆ. ವೈರು, ಸೂಚಕ ದೀಪಗಳ ಬಣ್ಣ ಗುರುತಿಸಬೇಕಾದ ಕೆಲಸವಾದ್ದರಿಂದ, ಕೋರ್ಸಿಗೆ ಸೇರಿಸುವ ಮೊದಲೇ ತಮ್ಮನ ಬಣ್ಣದೃಷ್ಟಿಯನ್ನು ಕಣ್ಣಿನ ವೈದ್ಯರಲ್ಲಿ ಪರೀಕ್ಷಿಸಿಬಿಡಿ.